ಬೌಂಟಿ ನೌಕೆಯ ಮೂರು ಚಿತ್ರಗಳು

ಹಾಯಿಹಡಗುಗಳ ಕಾಲದ ಸಮುದ್ರಯಾನವನ್ನು ವಸ್ತುವಾಗಿ ಉಳ್ಳ ಐತಿಹಾಸಿಕ ಚಲಚ್ಚಿತ್ರಗಳನ್ನು ಪರೀಕ್ಷಿಸುವಾಗ ವಿಮರ್ಶಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಹಡಗು, ಉಡುಪು, ಆಯುಧಗಳು ಆ ಕಾಲಕ್ಕೆ ಒಪ್ಪುವಂತಿವೆಯೇ ಎಂಬುದು ಒಂದು. ಕಥಾಪುರುಷರ ಶೀಲಸ್ವಭಾವಗಳನ್ನು ಇತಿಹಾಸವು ಸಮರ್ಥಿಸುತ್ತದೆಯೇ ಎಂಬುದು ಇನ್ನೊಂದು. ಇವೆರಡೂ ಯುಕ್ತವಾದ ಪ್ರಶ್ನೆಗಳೇ. ಆದರೆ ಇಂತಹ ಚಿತ್ರಗಳಿಗೆ ವಿಶೇಷವಾಗಿ ಸಲ್ಲುವ ಮೂರನೆಯ ಪ್ರಶ್ನೆಯೊಂದಿದೆ; ಅದನ್ನು ಕೇಳುವವರು ವಿರಳ. ಹಡಗು ಏನನ್ನು ತರಲು, ಯಾರ ಪ್ರಯೋಜನಕ್ಕಾಗಿ ಹೊರಟಿತು? ಹದಿನೆಂಟನೆಯ ಶತಮಾನದ ಹಡಗು ವಿನೋದಕ್ಕಾಗಿ ಬಂದರನ್ನು ಬಿಟ್ಟದ್ದಲ್ಲ. ಅದರ ಒಳಗಿನ ಏರ್ಪಾಡು, ಜನರ ಸಂಖ್ಯೆ, ಹಿಡಿಯಬೇಕಾದ ದಾರಿ, ತಂಗಬೇಕಾದ ಕಾಲ ಇವೆಲ್ಲವನ್ನೂ ಬಹುಮಟ್ಟಿಗೆ ಸರಕೇ ನಿರ್ಣಯಿಸುತ್ತಿತ್ತು. ಸರಕನ್ನು ಮರೆತ ಚಿತ್ರದಲ್ಲಿ ಸಮುದ್ರ ಉಳಿಯುತ್ತದೆ, ಹಾಯಿಗಳು ಉಳಿಯುತ್ತವೆ, ಇಬ್ಬರು ಗಂಡಸರ ವೈಮನಸ್ಯವೂ ಉಳಿಯುತ್ತದೆ. ಆ ವೈಮನಸ್ಯ ಹುಟ್ಟಿದ ನೆಲೆ ಮಾತ್ರ ಕಾಣದಾಗುತ್ತದೆ.

ಈ ಮಾತಿಗೆ ಬೌಂಟಿ ಎಂಬ ಇಂಗ್ಲಿಷ್ ನೌಕೆಯ ಕಥೆಗಿಂತ ಸಮರ್ಪಕವಾದ ನಿದರ್ಶನ ದೊರೆಯಲಾರದು. 1789ರ ಏಪ್ರಿಲ್ 28ರಂದು ಟೋಂಗಾ ದ್ವೀಪಗಳ ಬಳಿ ಈ ನೌಕೆಯಲ್ಲಿ ದಂಗೆಯಾಯಿತು. ಫ್ಲೆಚರ್ ಕ್ರಿಶ್ಚಿಯನ್ ಎಂಬ ತರುಣ ಅಧಿಕಾರಿ ತನ್ನ ಕಪ್ತಾನನಾದ ವಿಲಿಯಂ ಬ್ಲೈಯನ್ನು ಸೆರೆಹಿಡಿದು, ಹದಿನೆಂಟು ಮಂದಿ ಸಂಗಡಿಗರೊಡನೆ 23 ಅಡಿಯ ದೋಣಿಯೊಂದರಲ್ಲಿ ಇಳಿಸಿ ಕಡಲಿಗೆ ಬಿಟ್ಟುಬಿಟ್ಟನು. ಈ ಘಟನೆಯನ್ನು ಕುರಿತು 1916ರಲ್ಲಿಯೇ ಮೂಕಚಿತ್ರವೊಂದು ಬಂದಿತು. 1933ರಲ್ಲಿ ಆಸ್ಟ್ರೇಲಿಯದ ಚಾರ್ಲ್ಸ್ ಶೋವೆಲ್ ಅವರ ಚಿತ್ರದಲ್ಲಿ ಎರಲ್ ಫ್ಲಿನ್ ಕ್ರಿಶ್ಚಿಯನ್ನನ ಪಾತ್ರ ವಹಿಸಿದರು. ಆದರೆ ಲೋಕದ ಕಲ್ಪನೆಯಲ್ಲಿ ಈ ದಂಗೆಗೆ ಸ್ಥಿರವಾದ ರೂಪ ಕೊಟ್ಟವು 1935, 1962 ಮತ್ತು 1984ರ ಮೂರು ಚಿತ್ರಗಳು. ಮೊದಲನೆಯದನ್ನು ಫ್ರಾಂಕ್ ಲಾಯ್ಡ್, ಎರಡನೆಯದನ್ನು ಲೂಯಿಸ್ ಮೈಲ್‌ಸ್ಟೋನ್, ಮೂರನೆಯದನ್ನು ರೋಜರ್ ಡೊನಾಲ್ಡ್‌ಸನ್ ನಿರ್ದೇಶಿಸಿದರು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಈ ಮೂರನ್ನೇ.

ಮೊದಲು ಸರಕಿನ ವಿಷಯ. ಬೌಂಟಿ ಹೊರಟದ್ದು ತಾಹಿತಿ ದ್ವೀಪದಿಂದ ದೀವಿಹಲಸಿನ ಸಸಿಗಳನ್ನು ತಂದು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ನೆಡುವುದಕ್ಕಾಗಿ. ನಮ್ಮ ಕರಾವಳಿಯವರಿಗೆ ಈ ಮರ ಅಪರಿಚಿತವಲ್ಲ. ದಕ್ಷಿಣ ಕನ್ನಡದಲ್ಲಿ ಇದನ್ನು ಜೀಗುಜ್ಜೆ ಎನ್ನುತ್ತಾರೆ. ದೀವಿ ಎಂಬುದು ದ್ವೀಪ ಶಬ್ದದ ತದ್ಭವವೆಂದು ತಿಳಿಯುವುದಾದರೆ, ಕಡಲಾಚೆಯಿಂದ ಬಂದ ಹಲಸು ಇದೆಂಬ ನೆನಪು ಹೆಸರಿನಲ್ಲಿಯೇ ಉಳಿದಿದೆ ಎನ್ನಬೇಕು. ವೆಸ್ಟ್ ಇಂಡೀಸಿನಲ್ಲಿ ಕಬ್ಬಿನ ತೋಟಗಳನ್ನು ಮಾಡಿಕೊಂಡಿದ್ದ ಇಂಗ್ಲಿಷ್ ಮಾಲೀಕರು ಆಫ್ರಿಕದಿಂದ ಹಿಡಿದು ತಂದ ಗುಲಾಮರಿಂದ ದುಡಿಸಿಕೊಳ್ಳುತ್ತಿದ್ದರು. ಗುಲಾಮರ ಆಹಾರದಲ್ಲಿ ಒಂದು ಪಾಲು ಉತ್ತರ ಅಮೆರಿಕದಿಂದ ಬರುತ್ತಿತ್ತು. ಅಲ್ಲಿನ ವಸಾಹತುಗಳು ಸ್ವಾತಂತ್ರ್ಯಕ್ಕಾಗಿ ಯುದ್ಧ ಹೂಡಿದ ಮೇಲೆ ಆ ದಾರಿ ಕೆಟ್ಟಿತು. ಒಮ್ಮೆ ನೆಟ್ಟರೆ ಹೆಚ್ಚಿನ ಆರೈಕೆಯಿಲ್ಲದೆ ವರ್ಷ ವರ್ಷವೂ ಹೊಟ್ಟೆ ತುಂಬಿಸುವ ಮರವೊಂದು ತೋಟದ ಮಾಲೀಕರಿಗೆ ಬೇಕಾಗಿತ್ತು. ಕುಕ್ಕನೊಡನೆ 1769ರಲ್ಲಿ ತಾಹಿತಿಯನ್ನು ಕಂಡುಬಂದಿದ್ದ ಸರ್ ಜೋಸೆಫ್ ಬ್ಯಾಂಕ್ಸ್ ಈ ಯೋಜನೆಯ ಬೆನ್ನಿಗೆ ನಿಂತನು. ಗುಲಾಮನ ಕೂಳಿನ ಖರ್ಚನ್ನು ತಗ್ಗಿಸುವುದು, ಸ್ಪಷ್ಟವಾಗಿ ಹೇಳಬೇಕೆಂದರೆ, ಈ ಯಾನದ ಪ್ರಯೋಜನ.

ಈ ಗಿಡದ ಸ್ವಭಾವವೇ ಮುಂದಿನ ಎಲ್ಲ ಅನರ್ಥಗಳಿಗೂ ಬೀಜವಾಯಿತೆಂದರೆ ಸ್ವಲ್ಪ ವಿನೋದವಾದೀತು. ಏಕೆಂದರೆ ಬೇಸಾಯದ ದೀವಿಹಲಸಿಗೆ ಬೀಜವೇ ಇಲ್ಲ. ಬೇರಿನಿಂದ ಒಡೆದ ಸಸಿಗಳನ್ನು ಕಿತ್ತು, ಕುಂಡಗಳಲ್ಲಿ ಊರಿ, ಬೇರು ಬಿಟ್ಟ ಮೇಲೆ ಜೀವಂತವಾಗಿಯೇ ಸಾಗಿಸಬೇಕು. ಆದುದರಿಂದ 1787ರಲ್ಲಿ ನೌಕಾಖಾತೆಯು ಬೆಥಿಯಾ ಎಂಬ ವ್ಯಾಪಾರದ ಹಡಗನ್ನು ಕೊಂಡು, ಬೌಂಟಿ ಎಂದು ಹೆಸರಿಟ್ಟು, ಅದರ ಹಿಂಬದಿಯಲ್ಲಿ ಕಪ್ತಾನನಿಗೆ ಸಲ್ಲಬೇಕಾಗಿದ್ದ ದೊಡ್ಡ ಕೋಣೆಯನ್ನು ಸಸ್ಯಾಗಾರವನ್ನಾಗಿ ಮಾರ್ಪಡಿಸಿತು. ನೆಲಕ್ಕೆ ಸೀಸದ ತಗಡು ಹೊದಿಸಿ, ಕುಂಡಗಳಿಂದ ಸೋರಿದ ಸಿಹಿನೀರು ಕೊಳವೆಗಳ ಮೂಲಕ ಪೀಪಾಯಿಗಳಿಗೆ ಇಳಿದು ಮತ್ತೆ ಬಳಕೆಗೆ ಬರುವಂತೆ ಮಾಡಲಾಯಿತು. ಹಡಗಿನ ಉದ್ದ ಸುಮಾರು 91 ಅಡಿ. ಅದರಲ್ಲಿ 46 ಮಂದಿ. ಗಿಡಗಳಿಗೆ ಉತ್ತಮವಾದ ಸ್ಥಳ ಸಂದ ಬಳಿಕ ಮನುಷ್ಯರು ಒಬ್ಬರ ಮೈಗೊಬ್ಬರು ಒತ್ತಿಕೊಂಡು ಇರಬೇಕಾಯಿತು. ಕಪ್ತಾನನ ರಕ್ಷಣೆಗೆ ಇರಬೇಕಾಗಿದ್ದ ನೌಕಾಸೈನಿಕರ ತುಕಡಿ ಆ ಹಡಗಿನಲ್ಲಿ ಇರಲಿಲ್ಲ. ರಾಜಮುದ್ರೆಯ ನೇಮಕಪತ್ರವುಳ್ಳ ಅಧಿಕಾರಿ ಬ್ಲೈಯೊಬ್ಬನೇ. ಅವನ ಪದವಿಯೂ ಲೆಫ್ಟಿನೆಂಟಿನದು ಮಾತ್ರ. ತಾಹಿತಿಯಲ್ಲಿ ಸಸಿಗಳನ್ನು ಸಂಗ್ರಹಿಸಿ ಅನುಕೂಲವಾದ ಕಾಲಕ್ಕಾಗಿ ಕಾಯುತ್ತ, 1788ರ ಅಕ್ಟೋಬರಿನಿಂದ 1789ರ ಏಪ್ರಿಲಿನವರೆಗೆ ಐದು ತಿಂಗಳಿಗೂ ಮೇಲಾಗಿ ತಂಗಬೇಕಾಯಿತು. ನಾವಿಕರು ನೆಲದ ಬಾಳಿಗೆ ಒಗ್ಗಿದರು, ಕೆಲವರು ಅಲ್ಲಿಯ ಹೆಂಗಸರೊಡನೆ ಸಂಸಾರ ಹೂಡಿದರು. 1,015 ಗಿಡಗಳನ್ನು ತುಂಬಿಕೊಂಡು ಹೊರಟ ಹಡಗಿನಲ್ಲಿ ನಾಲ್ಕು ವಾರ ಕಳೆಯುವುದರೊಳಗೆ ದಂಗೆ. ಹಿಂದಿನ ದಿನ ಕಪ್ತಾನನಿಗೂ ಕ್ರಿಶ್ಚಿಯನ್ನನಿಗೂ ಜಗಳವಾದದ್ದು ತೆಂಗಿನಕಾಯಿಗಳ ಕಳವಿನ ವಿಷಯವಾಗಿ. ದಂಗೆಕೋರರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಆ ಗಿಡಗಳನ್ನೆಲ್ಲ ನೀರಿಗೆ ಎಸೆದದ್ದು.

1935ರ ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ ಬರಹ ಈ ಪ್ರಯೋಜನವನ್ನು ಮುಚ್ಚಿಡುವುದಿಲ್ಲ. ಗುಲಾಮರಿಗೆ ಅಗ್ಗದ ಆಹಾರ ಒದಗಿಸಲು ಗಿಡಗಳನ್ನು ತರುವುದು ನೌಕೆಯ ಕೆಲಸವೆಂದು ಅದು ಹೇಳುತ್ತದೆ. ಮರುಕ್ಷಣದಲ್ಲಿಯೇ, ಈ ದಂಗೆಯ ಫಲವಾಗಿ ಅಧಿಕಾರಿಗಳೂ ನಾವಿಕರೂ ಪರಸ್ಪರ ಗೌರವದಿಂದ ನಡೆದುಕೊಳ್ಳುವ ಹೊಸ ಶಿಸ್ತು ಬೆಳೆಯಿತೆಂದೂ ಹೇಳುತ್ತದೆ. ಎರಡನೆಯ ಮಾತು ಇತಿಹಾಸಕ್ಕೆ ದೂರವಾದುದು. ಇಂಗ್ಲಿಷ್ ನೌಕಾಬಲದಲ್ಲಿ ಸ್ಪಿಟ್‌ಹೆಡ್ ಮತ್ತು ನೋರ್ ಎಂಬಲ್ಲಿ ನಡೆದ ಮಹಾ ದಂಗೆಗಳು 1797ರವು. ಚಾಟಿಯೇಟಿನ ಶಿಕ್ಷೆ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಉಳಿದಿತ್ತು. ಮೊದಲನೆಯದು ಸತ್ಯವಾದ ಮಾತು. ಚಿತ್ರ ಅದನ್ನು ಹೇಳಿ ಮರೆತುಬಿಡುತ್ತದೆ. ಗುಲಾಮ ಎಂಬ ಶಬ್ದವನ್ನು ಉಚ್ಚರಿಸಿ ಆರಂಭವಾಗುವ ಕೃತಿ ಎರಡು ಗಂಟೆಗಳಿಗೂ ಮೀರಿ ಸ್ವಾತಂತ್ರ್ಯವನ್ನು ಕುರಿತು ಮಾತನಾಡುತ್ತದೆ. ಆ ಸ್ವಾತಂತ್ರ್ಯಕ್ಕೆ ಅಧಿಕಾರಿಗಳಾಗಿ ಕಾಣುವವರು ಇಂಗ್ಲಿಷ್ ನಾವಿಕರು ಮಾತ್ರ. ಈ ವಿರೋಧ ಚಿತ್ರದ ಕರ್ತೃಗಳಿಗೆ ಹೊಳೆದಂತೆಯೇ ತೋರುವುದಿಲ್ಲ.

ಚಾರ್ಲ್ಸ್ ಲಾಟನ್ ಅಭಿನಯಿಸಿದ ಬ್ಲೈ ರಂಗದ ಮೇಲಿನ ರಾಕ್ಷಸ. ಅವನ ಜೋಲು ತುಟಿ, ಗಂಟಿಕ್ಕಿದ ಹುಬ್ಬು, ತೂಕಮಾಡಿ ಆಡುವ ಮಾತು ಒಮ್ಮೆ ನೋಡಿದವರಿಗೆ ಮರೆಯುವಂತಹವಲ್ಲ. ಸತ್ತವನಿಗೂ ಚಾಟಿಯೇಟು, ಹಡಗಿನ ಅಡಿಯಲ್ಲಿ ಮನುಷ್ಯನನ್ನು ಹಗ್ಗದಿಂದ ಎಳೆಸುವ ಘೋರ ಶಿಕ್ಷೆ, ಬಲಾತ್ಕಾರದಿಂದ ಹಿಡಿದು ತಂದ ನಾವಿಕರು ಇವು ಚಿತ್ರದ ಆಧಾರಸ್ತಂಭಗಳು. ಬೌಂಟಿಯಲ್ಲಿ ಇವುಗಳಲ್ಲಿ ಯಾವುದೂ ನಡೆಯಲಿಲ್ಲ. ಅಲ್ಲಿದ್ದವರೆಲ್ಲರೂ ಸ್ವಇಚ್ಛೆಯಿಂದ ಬಂದವರು. ಗ್ರೆಗ್ ಡೆನಿಂಗ್ ಅವರು 1992ರಲ್ಲಿ ಪ್ರಕಟಿಸಿದ ಪ್ರೌಢವಾದ ಗ್ರಂಥದಲ್ಲಿ, ಪೆಸಿಫಿಕ್ ಸಾಗರಕ್ಕೆ ಬಂದ ಇಂಗ್ಲಿಷ್ ನೌಕೆಗಳ ಲೆಕ್ಕಗಳನ್ನು ಹೋಲಿಸಿ, ಬ್ಲೈ ಚಾಟಿಯನ್ನು ಬಳಸಿದ್ದು ಅನೇಕ ಕಪ್ತಾನರಿಗಿಂತ ಕಡಿಮೆಯೆಂದು ತೋರಿಸಿದ್ದಾರೆ. ಅವನ ದೋಷವಿದ್ದದ್ದು ಕೈಯಲ್ಲಲ್ಲ, ನಾಲಗೆಯಲ್ಲಿ. ಹಾಗಾದರೆ ಈ ರಾಕ್ಷಸನು ಎಲ್ಲಿಂದ ಬಂದನು? ದಂಗೆಕೋರನ ಅಣ್ಣನೂ ಕೇಂಬ್ರಿಜ್ಜಿನಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ ಎಡ್ವರ್ಡ್ ಕ್ರಿಶ್ಚಿಯನ್ 1794ರಲ್ಲಿ ತಮ್ಮನ ಪರವಾಗಿ ಹೊರಡಿಸಿದ ಪುಸ್ತಿಕೆಯು ಈ ಕಲ್ಪನೆಗೆ ಅಡಿಗಲ್ಲು ಹಾಕಿತು. ಮುಂದಿನವರು ಅದರ ಮೇಲೆ ಕಟ್ಟುತ್ತ ಹೋದರು. ನೋರ್ಡಾಫ್ ಮತ್ತು ಹಾಲ್ ಎಂಬ ಲೇಖಕರು 1932ರಲ್ಲಿ ಬರೆದ ಕಾದಂಬರಿ ಆ ಪರಂಪರೆಗೆ ಸೇರಿದ್ದು. ಚಿತ್ರದ ಮೂಲವೂ ಅದೇ.

ತಲೆಮರೆಸಿಕೊಂಡವರನ್ನು ಹುಡುಕಲು ಪಂಡೋರಾ ನೌಕೆಯಲ್ಲಿ ಬ್ಲೈಯೇ ಮತ್ತೆ ಹೊರಡುವಂತೆ ಚಿತ್ರದಲ್ಲಿ ತೋರಿಸಿರುವುದೂ ಅಸತ್ಯ. ಆ ನೌಕೆಯ ಕಪ್ತಾನನು ಎಡ್ವರ್ಡ್ ಎಡ್ವರ್ಡ್ಸ್. ಆದರೆ ಇಂತಹ ತಪ್ಪುಗಳ ಪಟ್ಟಿಯನ್ನು ಬೆಳೆಸುವುದರಿಂದ ವಿಶೇಷ ಪ್ರಯೋಜನವಿಲ್ಲ. ಕಥನಕಾರನಿಗೆ ಘಟನೆಗಳನ್ನು ಕೂಡಿಸುವ ಸ್ವಾತಂತ್ರ್ಯ ಇರಲೇಬೇಕು. ನಾವು ಕೇಳಬೇಕಾದುದು, ಹಾಗೆ ಕೂಡಿಸಿದ್ದರಿಂದ ಯಾವ ಸತ್ಯ ಬೆಳಗಿತು ಎಂಬುದನ್ನು. ಬ್ಲೈಯನ್ನು ರಾಕ್ಷಸನನ್ನಾಗಿ ಮಾಡಿದ್ದರಿಂದ ದಂಗೆಯು ಒಬ್ಬ ಕೆಟ್ಟ ಮನುಷ್ಯನ ಕೆಲಸವಾಗಿ ಮುಗಿದುಹೋಗುತ್ತದೆ. ಕೆಟ್ಟವನು ತೊಲಗಿದರೆ ವ್ಯವಸ್ಥೆಗೆ ಕಳಂಕವಿಲ್ಲ. ಕ್ಷಮೆ ಪಡೆದ ತರುಣ ಬಯಾಮ್ ಕೊನೆಯಲ್ಲಿ ಅದೇ ನೌಕಾಬಲದ ಹಡಗಿಗೆ ಉತ್ಸಾಹದಿಂದ ಮರಳುತ್ತಾನೆ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯ ವೇಗವನ್ನೂ ಸಂಭಾಷಣೆಯ ಹರಿತವನ್ನೂ ಅಲ್ಲಗಳೆಯುವಂತಿಲ್ಲ. ಮೂರರಲ್ಲಿ ಕಥೆ ಹೇಳುವ ಕಲೆ ಇದಕ್ಕೆ ಹೆಚ್ಚು ಕರಗತವಾಗಿದೆ. ತಾನೇ ಕೊಟ್ಟ ಮೊದಲ ವಾಕ್ಯಕ್ಕೆ ಇದು ಉತ್ತರ ಹೇಳಲಿಲ್ಲ, ಅಷ್ಟೆ.

1962ರ ಚಿತ್ರವನ್ನು ಕುರಿತು ವಿಮರ್ಶಕರು ಸಾಮಾನ್ಯವಾಗಿ ಕಠಿನವಾಗಿಯೇ ಬರೆದಿದ್ದಾರೆ. ಮೊದಲು ಗೊತ್ತಾಗಿದ್ದ ನಿರ್ದೇಶಕ ಕ್ಯಾರಲ್ ರೀಡ್ ಮಧ್ಯದಲ್ಲಿ ಬಿಟ್ಟುಹೋದರು, ವೆಚ್ಚ ಮಿತಿಮೀರಿತು, ಮಾರ್ಲನ್ ಬ್ರಾಂಡೊ ಕ್ರಿಶ್ಚಿಯನ್ನನನ್ನು ನಯನಾಜೂಕಿನ ಶೋಕಿಲಾಲನನ್ನಾಗಿ ಅಭಿನಯಿಸಿದ್ದು ಅನೇಕರಿಗೆ ಹಿಡಿಸಲಿಲ್ಲ. ಈ ಆಕ್ಷೇಪಣೆಗಳಲ್ಲಿ ಹುರುಳಿದೆ. ಹಡಗಿನ ವಿಷಯವಾಗಿ ಇನ್ನೊಂದನ್ನು ಸೇರಿಸಬಹುದು. ಈ ಚಿತ್ರಕ್ಕೆಂದು ಕೆನಡಾದ ಲುನೆನ್‌ಬರ್ಗಿನಲ್ಲಿ ಹಳೆಯ ನಕ್ಷೆಗಳನ್ನು ಅನುಸರಿಸಿ ಹೊಸ ಬೌಂಟಿಯನ್ನೇ ಕಟ್ಟಿಸಿದರು; ಆದರೆ ಕ್ಯಾಮರಾಗಳಿಗೆ ಎಡೆಬೇಕೆಂದು ಅದರ ಉದ್ದವನ್ನು ಸುಮಾರು 120 ಅಡಿಗೆ ಬೆಳೆಸಿದರು. ಯಾವ ಇಕ್ಕಟ್ಟು ದಂಗೆಗೆ ಒಂದು ಕಾರಣವಾಗಿತ್ತೋ ಅದೇ ಹೀಗೆ ಬಡಗಿಯ ಕೈಯಲ್ಲಿ ಮಾಯವಾಯಿತು. ವಿಶಾಲವಾದ ತೆರೆಯ ಮೇಲೆ ದಿಗಂತ ಅತ್ಯಂತ ಮನೋಹರವಾಗಿ ಕಾಣುತ್ತದೆ. ನಾವಿಕರ ಉಸಿರು ಕಟ್ಟುವುದು ಕಾಣುವುದಿಲ್ಲ. (ಆ ಹಡಗು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿ, 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಎಂಬ ಚಂಡಮಾರುತಕ್ಕೆ ಸಿಕ್ಕಿ ಅಮೆರಿಕದ ಉತ್ತರ ಕೆರೊಲಿನಾದ ಸಮೀಪ ಮುಳುಗಿತು, ಇಬ್ಬರು ಪ್ರಾಣ ಕಳೆದುಕೊಂಡರು.)

ಇಷ್ಟಾದರೂ, ಮೂರು ಚಿತ್ರಗಳಲ್ಲಿ ಗಿಡವನ್ನೂ ಮನುಷ್ಯನನ್ನೂ ಎದುರುಬದುರಾಗಿ ನಿಲ್ಲಿಸಿದ ಕೃತಿ ಇದೊಂದೇ. ಇದರ ನಿರೂಪಕನೇ ತೋಟಗಾರನಾದ ವಿಲಿಯಂ ಬ್ರೌನ್. ತಾಹಿತಿಯನ್ನು ಬಿಟ್ಟ ಮೇಲೆ ಗಿಡಗಳಿಗೆ ನೀರು ಸಾಲದೆಂದು ಟ್ರೆವರ್ ಹೋವರ್ಡ್ ಅಭಿನಯಿಸಿದ ಬ್ಲೈ ನಾವಿಕರ ಪಾಲಿನ ಸಿಹಿನೀರನ್ನು ಕಡಿತಗೊಳಿಸುತ್ತಾನೆ. ನೀರು ಬೇಕಾದವನು ಕೂವೆಮರವನ್ನು ಹತ್ತಿ ಸೌಟನ್ನು ಇಳಿಸಿ ತರಬೇಕು. ಬಾಯಾರಿಕೆ ತಡೆಯಲಾರದೆ ಉಪ್ಪುನೀರು ಕುಡಿದವನೊಬ್ಬನಿಗೆ ಕ್ರಿಶ್ಚಿಯನ್ ನೀರು ಕೊಡಹೋದಾಗ ಕಪ್ತಾನನು ಸೌಟನ್ನು ಒದೆಯುತ್ತಾನೆ, ಅಲ್ಲಿಗೆ ದಂಗೆ. ಬೌಂಟಿಯಲ್ಲಿ ಇದು ನಡೆಯಲಿಲ್ಲವೆಂದು ಇತಿಹಾಸಜ್ಞರು ತಳ್ಳಿಹಾಕುತ್ತಾರೆ. ಆದರೆ ಇದರ ಮುಂದಿನ ಕಥೆ ಗಮನಾರ್ಹವಾಗಿದೆ. ಬ್ಲೈ 1791ರಲ್ಲಿ ಪ್ರಾವಿಡೆನ್ಸ್ ಎಂಬ ನೌಕೆಯಲ್ಲಿ ಅದೇ ಕಾರ್ಯಕ್ಕೆ ಮತ್ತೊಮ್ಮೆ ಹೊರಟನು. ಈ ಬಾರಿ ಸಸಿಗಳನ್ನು ಸೇಂಟ್ ವಿನ್ಸೆಂಟಿಗೂ ಜಮೈಕಾಕ್ಕೂ 1793ರಲ್ಲಿ ಮುಟ್ಟಿಸಿದನು. ಆ ಹಡಗಿನಲ್ಲಿ ತರುಣ ಅಭ್ಯರ್ಥಿಯಾಗಿದ್ದು, ಮುಂದೆ ಆಸ್ಟ್ರೇಲಿಯದ ಕರಾವಳಿಯನ್ನು ಅಳೆದು ಪ್ರಸಿದ್ಧನಾದ ಮ್ಯಾಥ್ಯೂ ಫ್ಲಿಂಡರ್ಸ್, ನೀರೆಲ್ಲ ಗಿಡಗಳಿಗೇ ಸಲ್ಲುತ್ತಿದ್ದುದರಿಂದ ಬಾಯಾರಿದ ತಾವು ಗಿಡಗಳಿಗೆ ಹೊಯ್ಯುವ ಪಾತ್ರೆಯಿಂದ ಚೆಲ್ಲಿದ ಹನಿಗಳನ್ನು ಮೆಟ್ಟಿಲ ಮೇಲೆ ಮಲಗಿ ನೆಕ್ಕಿದುದನ್ನು ನೆನೆದಿದ್ದಾನೆ. ಬೌಂಟಿಯ ವಿಷಯದಲ್ಲಿ ಸುಳ್ಳಾದುದು ಪ್ರಾವಿಡೆನ್ಸಿನಲ್ಲಿ ನಿಜವಾಗಿತ್ತು! ಚಿತ್ರದ ಲೇಖಕರು ಇದನ್ನು ತಿಳಿದು ಮಾಡಿದರೋ, ಕಥೆಯ ಒತ್ತಡದಿಂದ ತಾನಾಗಿ ಒದಗಿತೋ, ಯಾವುದಾದರೂ ಆಗಲಿ. ಒಂದು ಯಾನದ ಸತ್ಯವನ್ನು ಇನ್ನೊಂದಕ್ಕೆ ತಂದು ಜೋಡಿಸಿದ ಈ ಕಲ್ಪನೆ, 1935ರ ಚಾಟಿಯೇಟುಗಳಂತೆ ನಿರಾಧಾರವಾದುದಲ್ಲ. ಸರಕು ಮನುಷ್ಯನಿಗಿಂತ ಹೆಚ್ಚು ಬೆಲೆಯುಳ್ಳದ್ದೆಂಬ ಲೆಕ್ಕಾಚಾರವು, ತೋಟದಲ್ಲಿ ಗುಲಾಮನಿಗೆ ಅನ್ವಯಿಸುವಂತೆಯೇ ಹಡಗಿನಲ್ಲಿ ನಾವಿಕನಿಗೂ ಅನ್ವಯಿಸುತ್ತಿತ್ತೆಂಬುದು ಆ ಸೌಟಿನ ನೀರಿನಲ್ಲಿ ಕ್ಷಣಕಾಲ ಗೋಚರಿಸುತ್ತದೆ. ಚಿತ್ರವು ಈ ಸಂಬಂಧವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಅದರ ಯೋಗ್ಯತೆ ಇಮ್ಮಡಿಯಾಗುತ್ತಿತ್ತು.

ರಿಚರ್ಡ್ ಹಫ್ ಅವರ ಗ್ರಂಥವನ್ನು ಆಧರಿಸಿ ರಾಬರ್ಟ್ ಬೋಲ್ಟ್ ಚಿತ್ರಕಥೆ ಬರೆದ 1984ರ ಚಿತ್ರ ಮೂರರಲ್ಲಿ ಅತ್ಯಂತ ವಿದ್ವತ್ಪೂರ್ಣವಾದುದೆಂದು ಹೆಸರಾಗಿದೆ. ಆ ಹೆಸರು ಬಹುಮಟ್ಟಿಗೆ ನ್ಯಾಯವಾದುದೇ. ಆಂಥೊನಿ ಹಾಪ್ಕಿನ್ಸ್ ಅವರ ಬ್ಲೈ ರಾಕ್ಷಸನಲ್ಲ. ಕೆಲಸ ಬಲ್ಲ, ಮಾನಕ್ಕೆ ಅಂಜುವ, ಸ್ನೇಹ ಬೇಡುವ, ಬಾಯಿ ಹಿಡಿತವಿಲ್ಲದ ಮನುಷ್ಯ. ಬ್ಲೈಯ ದೋಣಿಯಾನಕ್ಕೂ ಇಲ್ಲಿ ತಕ್ಕ ಗೌರವ ಸಂದಿದೆ. 47 ದಿನಗಳಲ್ಲಿ, ನಕ್ಷೆಗಳಿಲ್ಲದೆ, 3,600 ನಾಟಿಕಲ್ ಮೈಲಿಗೂ ಹೆಚ್ಚು ದೂರವನ್ನು ಕ್ರಮಿಸಿ ಟಿಮೋರಿನ ಕುಪಾಂಗನ್ನು ಸೇರಿದ ಈ ಸಾಹಸದಲ್ಲಿ ಸತ್ತವನು ಒಬ್ಬನೇ. ಅವನೂ ಟೊಫುವಾ ದ್ವೀಪದವರ ಕೈಯಲ್ಲಿ ಸತ್ತವನು. ಎರಡು ತೆಂಗಿನ ಚಿಪ್ಪುಗಳಿಂದ ತಕ್ಕಡಿ ಮಾಡಿ, ಪಿಸ್ತೂಲಿನ ಗುಂಡನ್ನು ತೂಕದ ಕಲ್ಲಾಗಿಸಿ ಬ್ಲೈ ರೊಟ್ಟಿಯನ್ನು ಹಂಚುತ್ತಿದ್ದನು. ತೆಂಗಿನಕಾಯಿಯ ಲೆಕ್ಕದಲ್ಲಿ ಹಡಗನ್ನು ಕಳೆದುಕೊಂಡವನು ತೆಂಗಿನ ಚಿಪ್ಪಿನ ಲೆಕ್ಕದಲ್ಲಿ ಜನರ ಪ್ರಾಣ ಉಳಿಸಿದನು. ಒಂದೇ ಗುಣ ಒಂದೆಡೆ ದೋಷವಾಗಿ ಇನ್ನೊಂದೆಡೆ ಧರ್ಮವಾಗಿ ಪರಿಣಮಿಸಿದುದನ್ನು ಹಾಪ್ಕಿನ್ಸ್ ಅವರ ಅಭಿನಯ ಚೆನ್ನಾಗಿ ಗ್ರಹಿಸಿದೆ. ಬ್ಲೈಯ 1790ರ ವಿಚಾರಣೆಗೆ ಅಡ್ಮಿರಲ್ ಹುಡ್‌ನನ್ನು ಅಧ್ಯಕ್ಷನನ್ನಾಗಿ ಮಾಡಿರುವುದು ಸಣ್ಣ ಸ್ಖಾಲಿತ್ಯ; ಹುಡ್ ವಹಿಸಿದ್ದು ದಂಗೆಕೋರರ 1792ರ ವಿಚಾರಣೆಯನ್ನು.

ದೊಡ್ಡ ಸ್ಖಾಲಿತ್ಯ ಬೇರೆಯದು. ಭೂಪ್ರದಕ್ಷಿಣೆಯ ಕೀರ್ತಿಗಾಗಿ ಹಾರ್ನ್ ಭೂಶಿರವನ್ನು ಬಳಸಿಯೇ ತೀರಬೇಕೆಂಬ ಛಲವನ್ನು ಚಿತ್ರವು ಬ್ಲೈಗೆ ಆರೋಪಿಸುತ್ತದೆ. ಹೋಗುವಾಗ ಅಲ್ಲಿ ಒಂದು ತಿಂಗಳಷ್ಟು ಬಿರುಗಾಳಿಯೊಡನೆ ಸೆಣಸಿ ಬೌಂಟಿ ಹಿಮ್ಮೆಟ್ಟಿದ್ದು ನಿಜ. ಹಿಂದಿರುಗುವಾಗ ಮಾತ್ರ ಅವನಿಗೆ ಕೊಟ್ಟಿದ್ದ ಆಜ್ಞೆ ಪಶ್ಚಿಮಕ್ಕೆ, ಎಂಡೆವರ್ ಜಲಸಂಧಿಯ ಮೂಲಕ ಬರಬೇಕೆಂದಿತ್ತು. ಅದಕ್ಕೆ ಕಾರಣವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಉಷ್ಣದೇಶದ ಸಾವಿರ ಸಸಿಗಳನ್ನು ಹಾರ್ನ್ ಭೂಶಿರದ ಹಿಮಗಾಳಿಗೆ ಒಡ್ಡಿದರೆ ಒಂದಾದರೂ ಉಳಿದೀತೆ? ಕಪ್ತಾನನ ಅಂತರಂಗವನ್ನು ಇಷ್ಟು ಸೂಕ್ಷ್ಮವಾಗಿ ಅರಸಿದ ಬೋಲ್ಟ್, ಅವನ ಕೋಣೆಯಲ್ಲಿ ಏನಿತ್ತೆಂಬುದನ್ನು ಮರೆತರು. ಮಹತ್ತ್ವಾಕಾಂಕ್ಷೆಯು ಸರಕಿನ ಸ್ಥಾನವನ್ನು ಆಕ್ರಮಿಸಿತು. ರಾಕ್ಷಸನು ಹೋಗಿ ದುರಂತನಾಯಕನು ಬಂದನು. ಕಥೆ ಇಬ್ಬರು ಗಂಡಸರದಾಗಿಯೇ ಉಳಿಯಿತು.

ಇನ್ನು ಕಥೆಯ ಕೊನೆಯನ್ನು ನೋಡಬೇಕು. ಮೂರು ಚಿತ್ರಗಳೂ ಪಿಟ್‌ಕೇರ್ನ್ ದ್ವೀಪದ ಬಳಿ ಬೌಂಟಿ ಉರಿಯುವಲ್ಲಿಗೆ ದಂಗೆಕೋರರ ವೃತ್ತಾಂತವನ್ನು ನಿಲ್ಲಿಸುತ್ತವೆ. 1962ರ ಚಿತ್ರವಂತೂ ಕ್ರಿಶ್ಚಿಯನ್ನನನ್ನು ಆ ಬೆಂಕಿಯಲ್ಲಿಯೇ ಮುಗಿಸಿಬಿಡುತ್ತದೆ. ವಾಸ್ತವದಲ್ಲಿ 1790ರ ಜನವರಿಯಲ್ಲಿ ಹಡಗನ್ನು ಸುಟ್ಟ ಮೇಲೆ ಅವನು ಮೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದನು. ಆ ಅವಧಿಯಲ್ಲಿ ನಡೆದುದೇನು? ದ್ವೀಪದಲ್ಲಿ ಇಳಿದವರು ಒಂಬತ್ತು ಮಂದಿ ದಂಗೆಕೋರರು, ಆರು ಮಂದಿ ಪಾಲಿನೇಷಿಯದ ಗಂಡಸರು ಮತ್ತು ತಾಹಿತಿ ಮೊದಲಾದ ದ್ವೀಪಗಳಿಂದ ಕರೆತಂದ ಹೆಂಗಸರು; ಹೆಂಗಸರಲ್ಲಿ ಎಲ್ಲರೂ ಮನಸಾರೆ ಬಂದವರಲ್ಲ. ನೆಲವನ್ನು ಒಂಬತ್ತು ಪಾಲು ಮಾಡಲಾಯಿತು. ಪಾಲಿನೇಷಿಯದವರಿಗೆ ಪಾಲಿಲ್ಲ, ಅವರು ದುಡಿಯಬೇಕು. ದಂಗೆಕೋರನೊಬ್ಬನ ಸಂಗಾತಿ ಸತ್ತಾಗ ಅವರಲ್ಲೊಬ್ಬನ ಹೆಂಡತಿಯನ್ನು ಕಿತ್ತು ಅವನಿಗೆ ಕೊಟ್ಟರು. 1793ರಲ್ಲಿ ಅವರು ತಿರುಗಿಬಿದ್ದು ಕ್ರಿಶ್ಚಿಯನ್ನನೂ ಸೇರಿ ಐವರನ್ನು ಕೊಂದರು; ಕೆಲವು ದಿನಗಳಲ್ಲಿಯೇ ಅವರೆಲ್ಲರೂ ಹತರಾದರು. ಅಮೆರಿಕದ ಟೋಪಾಜ್ ಎಂಬ ಹಡಗು 1808ರಲ್ಲಿ ಆ ದ್ವೀಪವನ್ನು ಕಂಡಾಗ ದಂಗೆಕೋರರಲ್ಲಿ ಉಳಿದಿದ್ದವನು ಒಬ್ಬನೇ.

ಗುಲಾಮರ ಕೂಳಿಗಾಗಿ ಹೊರಟ ಹಡಗು, ಅದನ್ನು ವಶಪಡಿಸಿಕೊಂಡವರ ಕೈಯಲ್ಲಿ ಇನ್ನೊಂದು ಗುಲಾಮಗಿರಿಯ ತೀರಕ್ಕೆ ಬಂದು ಮುಟ್ಟಿತು. ಆದಿಯಲ್ಲಿ ಗುಲಾಮಗಿರಿ, ಅಂತ್ಯದಲ್ಲಿ ಗುಲಾಮಗಿರಿ; ಎರಡು ತುದಿಗಳನ್ನೂ ಕತ್ತರಿಸಿ ತೆಗೆದರೆ ನಡುವೆ ಉಳಿಯುವುದು ಸ್ವಾತಂತ್ರ್ಯದ ಕಥೆಯಂತೆ ಕಾಣುವುದು ಸಹಜವೇ. ಚಿತ್ರಗಳಲ್ಲಿ ನಡೆದಿರುವುದು ಈ ಕತ್ತರಿಕೆಯೇ. ಸಾಮಗ್ರಿಯ ಅಭಾವವೆಂದು ಹೇಳುವಂತಿಲ್ಲ. ನೋರ್ಡಾಫ್ ಮತ್ತು ಹಾಲ್ ಪಿಟ್‌ಕೇರ್ನ್ ದ್ವೀಪವನ್ನೇ ವಸ್ತುವಾಗಿಟ್ಟುಕೊಂಡು 1934ರಲ್ಲಿ ಮತ್ತೊಂದು ಕಾದಂಬರಿಯನ್ನು ಪ್ರಕಟಿಸಿದ್ದರು. ಅವರ ಮೊದಲ ಕಾದಂಬರಿ ಎರಡು ಬಾರಿ ತೆರೆಗೆ ಬಂದಿತು. ಕೊಲೆಗಳ ವೃತ್ತಾಂತವುಳ್ಳ ಇದಕ್ಕೆ ಆ ಭಾಗ್ಯ ದೊರೆಯಲಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಆಧಾರವಿದೆ. ದ್ವೀಪಕ್ಕೆ ಬಂದ ಹೆಂಗಸರಲ್ಲಿ ತೇಹುತೇಅತುಆಓನೋವಾ ಎಂಬವಳು, ಇಂಗ್ಲಿಷರು ಜೆನ್ನಿ ಎಂದು ಕರೆದವಳು, 1817ರಲ್ಲಿ ಹಡಗೊಂದನ್ನು ಹತ್ತಿ ದ್ವೀಪವನ್ನು ಬಿಟ್ಟಳು. ಅವಳು ಹೇಳಿದ ವೃತ್ತಾಂತ 1819ರಲ್ಲಿ ಸಿಡ್ನಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲವನ್ನೂ ಕಣ್ಣಾರೆ ಕಂಡವಳೊಬ್ಬಳ ಸಾಕ್ಷ್ಯ ಮೊದಲ ಚಿತ್ರ ತಯಾರಾಗುವುದಕ್ಕೆ ನೂರು ವರ್ಷಗಳಿಗೂ ಮುಂಚೆಯೇ ಮುದ್ರಿತವಾಗಿತ್ತೆಂದಾಯಿತು. ತೆರೆಯ ಮೇಲೆ ಈ ಹೆಂಗಸರು ಹೂಮಾಲೆ ಹಾಕುತ್ತಾರೆ, ಕುಣಿಯುತ್ತಾರೆ, ಪ್ರೇಮಿಸುತ್ತಾರೆ. 1984ರ ಚಿತ್ರ ಕ್ರಿಶ್ಚಿಯನ್ನನ ಸಂಗಾತಿಗೆ ಮೌಆತುಆ ಎಂಬ ಅವಳ ನಿಜವಾದ ಹೆಸರನ್ನು ಹಿಂದಿರುಗಿಸಿತು; ಅಷ್ಟಕ್ಕೇ ತೃಪ್ತಿಪಟ್ಟಿತು. ಪಿಟ್‌ಕೇರ್ನಿನಲ್ಲಿ ಎಡ್ವರ್ಡ್ ಯಂಗ್ ಬರೆದಿಟ್ಟಿದ್ದ ದಿನಚರಿಯಿಂದ ಒಂದು ಸಂಗತಿ ತಿಳಿದುಬರುತ್ತದೆ. ಕೊಲೆಗಳಾದ ಮರುವರ್ಷ, ಎಂದರೆ 1794ರಲ್ಲಿ, ಆ ಹೆಂಗಸರು ದ್ವೀಪವನ್ನು ಬಿಟ್ಟು ಹೋಗಬೇಕೆಂದು ನಿಶ್ಚಯಿಸಿ ತಾವೇ ಒಂದು ದೋಣಿಯನ್ನು ಕಟ್ಟಿದರು. ಹಲಗೆ ಸಾಲದಾದಾಗ ಜೆನ್ನಿ ತಾನಿದ್ದ ಮನೆಯ ಹಲಗೆಗಳನ್ನೇ ಕಿತ್ತುಕೊಟ್ಟಳು. ಆಗಸ್ಟ್ ತಿಂಗಳಲ್ಲಿ ದೋಣಿಯನ್ನು ನೀರಿಗೆ ಇಳಿಸಿದರು, ಅದು ಮಗುಚಿಕೊಂಡಿತು. ಮೂರು ಚಿತ್ರಗಳಲ್ಲಿ ಒಂದರಲ್ಲಿಯೂ ಆ ದೋಣಿ ಇಲ್ಲ.